ಬೇಸ್ ಗಿಟಾರ್: ಪಿಕ್ಕೋ, ಬೆರಳೋ?

ಕೇಳುಗರೆ, ನಮಸ್ಕಾರ.

ಚೌತಿಯ ಆರ್ಕೆಸ್ಟ್ರಾ ಇರಲಿ, ಚರ್ಚಿನ ಕ್ವಾಯರ್ ಇರಲಿ, ನಮ್ಮ ಕಾರವಾರ, ಅಂಕೋಲಾ, ಹೊನ್ನಾವರದ ಕಡೆ ಬೇಸ್ ಗಿಟಾರ್ ಹಿಡಿದವರಿಗೆ ಒಂದು ಮಾತು ತಪ್ಪಿದ್ದಲ್ಲ. 'ಪಿಕ್ಕಿನಲ್ಲಿ ಹೊಡೆಯುವವ ಗಿಟಾರಿನವ, ಬೇಸಿನವ ಅಲ್ಲ' ಅಂತ. ಪಿಕ್ಕು, ಅಂದರೆ ತಂತಿ ಮೀಟುವ ಪುಟ್ಟ ಬಿಲ್ಲೆ, ಹಿಡಿದವರ ಮೇಲಿನ ಈ ಮಾತಿಗೆ ಬುಡವಿಲ್ಲ. 1960ರ ದಶಕದಲ್ಲಿ ಲಾಸ್ ಏಂಜಲೀಸ್‌ನ ಸ್ಟುಡಿಯೊಗಳಲ್ಲಿ ರಾಶಿ ರಾಶಿ ಹಾಡಿಗೆ ಬೇಸ್ ನುಡಿಸಿದ ಕ್ಯಾರಲ್ ಕೇ ಕೈಯಲ್ಲಿದ್ದದ್ದು ಪಿಕ್ಕು. ಅದೇ ಹೊತ್ತಿಗೆ ಡೆಟ್ರಾಯ್ಟ್‌ನ ಮೋಟೌನ್ ರೆಕಾರ್ಡ್ ಕಂಪನಿಯಲ್ಲಿ ಜೇಮ್ಸ್ ಜೇಮರ್ಸನ್ ಬಲಗೈಯ ತೋರುಬೆರಳು ಒಂದರಲ್ಲೇ ನುಡಿಸುತ್ತಿದ್ದರು. ಇಬ್ಬರದೂ ಒಂದು ವಿಷಯದಲ್ಲಿ ಒಂದೇ ದಾರಿ. ತಂತಿ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಗುಂಯ್‌ಗುಡದಂತೆ ಬ್ರಿಜ್ ಹತ್ತಿರ, ಅಂದರೆ ತಂತಿಗಳು ಗಿಟಾರಿನ ಮೈಮೇಲೆ ಕೂರುವ ಕೊನೆಯಲ್ಲಿ, ಕೇ ಫೆಲ್ಟ್ ತುಂಡು, ಜೇಮರ್ಸನ್ ಫೋಮ್ ತುಂಡು ಇಟ್ಟುಕೊಂಡಿದ್ದರು. ಪಿಕ್ಕೋ ಬೆರಳೋ ಎಂದು ಜಗಳಾಡುವವರು ಮೊದಲು ನೋಡಬೇಕಾದ್ದು ಇದನ್ನು.

ಪಿಕ್ಕಿನ ಅಂಚು ಗಟ್ಟಿ, ಸಪೂರ. ತಂತಿಯನ್ನು ಒಂದೇ ಬಿಂದುವಿನಲ್ಲಿ ಎಳೆದು ಬಿಡುತ್ತದೆ. ಹಾಗಾಗಿ ಅನುಸ್ವರಗಳು, ಅಂದರೆ ಮೂಲ ಸ್ವರದ ಜೊತೆಗೇ ಹುಟ್ಟುವ ಮೇಲಿನ ನಾದಗಳು, ಹೆಚ್ಚು ಉಳಿದು, ಆರಂಭದಲ್ಲೊಂದು 'ಟಕ್' ಕೇಳಿಸುತ್ತದೆ. ಬೆರಳ ತುದಿ ಅಗಲ, ಮೆತ್ತಗೆ. ಅನುಸ್ವರಗಳನ್ನು ಅದೇ ನುಂಗಿಬಿಡುತ್ತದೆ, ದುಂಡಗಿನ ನಾದ ಬರುತ್ತದೆ. ಬೇಸಿನ ದಪ್ಪ ಇ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ನೀವೀಗ ಕೇಳುತ್ತಿರುವ ರೇಡಿಯೊದ ಪುಟ್ಟ ಸ್ಪೀಕರಿಗೆ ಅಷ್ಟು ತಗ್ಗಿನ ನಾದ ಹೊರಡಿಸಲು ಆಗುವುದೇ ಇಲ್ಲ. 82, 123ರ ಅನುಸ್ವರಗಳನ್ನು ಕೇಳಿ ಕಿವಿಯೇ ಮೂಲ ಸ್ವರವನ್ನು ಊಹಿಸಿಕೊಳ್ಳುತ್ತದೆ. ಕಾರವಾರದ ಟಾಗೋರ್ ಕಡಲತೀರದಂಥ ಬಯಲಿನಲ್ಲಿ, ಸಣ್ಣ ಸ್ಪೀಕರ್ ಬಾಕ್ಸ್ ಇಟ್ಟುಕೊಂಡು ನುಡಿಸುವಾಗ ಪಿಕ್ ಕೈಹಿಡಿಯುವುದು ಇದೇ ಕಾರಣಕ್ಕೆ. ಕೆಳಗಿನ ನಾದ ಗಾಳಿಗೆ ಹೋದರೂ 'ಟಕ್' ಉಳಿಯುತ್ತದೆ, ಡ್ರಮ್ಮಿನವನಿಗೂ ತಾಳ ಸಿಗುತ್ತದೆ. ಗೋಡೆಗೋಡೆಗೆ ಬಡಿದು ಗುಂಗುಡುವ ಚರ್ಚಿನಲ್ಲಿ ನಿಧಾನದ ಕೀರ್ತನೆಗೆ ಬೆರಳೇ ಹಿತ. ಅಲ್ಲೂ ಸ್ವರ ಕಲಸಿದಂತಾದರೆ ಕೈಯನ್ನು ಬ್ರಿಜ್ ಕಡೆ ಎರಡು ಇಂಚು ಸರಿಸಿ ನೋಡಿ. ಎಷ್ಟೋ ಸಲ ಪಿಕ್ ಬದಲಿಸುವುದಕ್ಕಿಂತ ಈ ಎರಡು ಇಂಚಿನ ಫಲವೇ ದೊಡ್ಡದು.

ಪಿಕ್ ಹಿಡಿಯುವವರು 0.73 ಮಿಲಿಮೀಟರಿನದನ್ನು ಗಿಟಾರಿಗೇ ಬಿಡಿ. ದಪ್ಪ ತಂತಿಗೆ ಅದು ಬಾಗುತ್ತದೆ, ಸ್ವರ ಕೂದಲೆಳೆ ತಡವಾಗಿ ಬರುತ್ತದೆ. 1ರಿಂದ 1.5 ಮಿಲಿಮೀಟರ್ ಸರಿ. ಮಡಿಸಿದ ತೋರುಬೆರಳಿನ ಪಕ್ಕಕ್ಕೆ ಪಿಕ್ ಇಟ್ಟು, ಬೀಗದ ಕೈ ಹಿಡಿದ ಹಾಗೆ ಹೆಬ್ಬೆರಳು ಒತ್ತಿ. ಹೊರಗೆ ನಾಲ್ಕೈದು ಮಿಲಿಮೀಟರ್ ತುದಿ ಸಾಕು. ಜಾಸ್ತಿ ಬಿಟ್ಟರೆ ತಂತಿಗೆ ಸಿಕ್ಕಿಕೊಳ್ಳುತ್ತದೆ. ಹೊಡೆತ ಮಣಿಕಟ್ಟಿನಿಂದ ಬರಲಿ, ಮೊಣಕೈಯಿಂದಲ್ಲ. ಕೆಳಹೊಡೆತಕ್ಕೂ ಮೇಲ್ಹೊಡೆತಕ್ಕೂ ಜೋರು ಒಂದೇ ಇರುವುದಿಲ್ಲ, ಮೇಲಿನದು ಸಪ್ಪೆ. ತಾಳ ಬಡಿಯುವ ಮೆಟ್ರೊನೋಮ್ ನಿಮಿಷಕ್ಕೆ 70 ಬಡಿತಕ್ಕೆ ಇಟ್ಟು, ಬಡಿತಕ್ಕೆ ಎರಡರಂತೆ ಒಂದೇ ತಂತಿಯ ಮೇಲೆ ನುಡಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದರೆ ಸಾಕು, ಕುಂಟುವುದು ತಾನೇ ತಿಳಿಯುತ್ತದೆ.

ಬೆರಳಲ್ಲಿ ನುಡಿಸುವಾಗ ತಂತಿಯನ್ನು ಮೇಲಕ್ಕೆ ಕೀಳಬೇಡಿ. ಕಿತ್ತರೆ ಅದು ಕತ್ತಿನ ಮೇಲಿನ ಲೋಹದ ಪಟ್ಟಿಗೆ, ಫ್ರೆಟ್ಟಿಗೆ, ಬಡಿದು ಚಟಚಟ ಅನ್ನುತ್ತದೆ, ಜೋರು ಎಳೆದಷ್ಟೂ ಸ್ವರ ಮೊದಲ ಕ್ಷಣಕ್ಕೆ ಏರಿರುತ್ತದೆ. ಬೆರಳು ತಂತಿಯನ್ನು ಅಡ್ಡಕ್ಕೆ ದಾಟಿ ಪಕ್ಕದ ದಪ್ಪ ತಂತಿಯ ಮೇಲೆ ಬಂದು ನಿಲ್ಲಬೇಕು. ತೋರು, ನಡು, ತೋರು, ನಡು ಎಂದು ಸರದಿ ತಪ್ಪದಿರಲಿ. ಸಪೂರ ತಂತಿಯಿಂದ ದಪ್ಪ ತಂತಿಗೆ ಇಳಿಯುವಾಗ ಮಾತ್ರ ಅದೇ ಬೆರಳು ಮುಂದುವರಿದರೆ ಅಡ್ಡಿಲ್ಲ. ಶಬ್ದ ಸಾಲದಿದ್ದರೆ ಆಂಪ್ ಏರಿಸಿ, ಬೆರಳಿಗೆ ಶಿಕ್ಷೆ ಬೇಡ.

ಇನ್ನು ಬೇಡದ ತಂತಿಯ ಸದ್ದು. ಬೆರಳಿನವರಿಗೆ ಇದು ಸುಲಭ: ಸಪೂರದ ಡಿ, ಜಿ ತಂತಿಗೆ ಹೋದಾಗ ಹೆಬ್ಬೆರಳನ್ನು ತಂತಿಯಡಿಯ ಪಿಕಪ್ಪಿನಿಂದ ಇಳಿಸಿ ಇ ತಂತಿಯ ಮೇಲಿಟ್ಟು, ಎ ತಂತಿಗೆ ಅದರ ಬದಿ ತಾಗಿಸಿದರಾಯಿತು. ಪಿಕ್ಕಿನವರ ಹೆಬ್ಬೆರಳಿಗೆ ಬಿಡುವಿಲ್ಲ. ಅಂಗೈಯ ಅಂಚು ದಪ್ಪ ತಂತಿಗಳನ್ನು, ಎಡಗೈಯ ಬಿಡುವಾದ ಬೆರಳುಗಳು ಸಪೂರ ತಂತಿಗಳನ್ನು ಹಗುರಾಗಿ ಮುಟ್ಟಿಕೊಂಡಿರಬೇಕು. ಪಿಕ್ಕಿನ ಬೇಸ್ ಗಲೀಜು ಅನ್ನುವ ದೂರಿನಲ್ಲಿ ಮುಕ್ಕಾಲು ಪಾಲು ಈ ಅಂಗೈಯದೇ ತಪ್ಪು.

ನಮ್ಮ ಕರಾವಳಿಯ ಬೆವರಿಗೆ ಎರಡು ಮಾತು. ಪಿಕ್ ಜಾರಿದರೆ ಹಿಡಿಯುವ ಜಾಗವನ್ನು ಮರಳುಕಾಗದದಲ್ಲಿ ತುಸು ಉಜ್ಜಿ. ತುದಿಯನ್ನು ಮುಟ್ಟಬೇಡಿ, ಅಲ್ಲಿ ತರಿಯಾದರೆ ಸುರುಳಿ ಸುತ್ತಿದ ತಂತಿಯ ಮೇಲೆ ಕರಕರ ಕೇಳಿಸುತ್ತದೆ. ನುಡಿಸಿದ ಮೇಲೆ ಒಣ ಹತ್ತಿ ಬಟ್ಟೆಯಿಂದ ತಂತಿಯ ಮೇಲೂ ಅಡಿಯೂ ಒರೆಸಿ. ಬೆವರು, ಉಪ್ಪುಗಾಳಿ ಸೇರಿ ಸುತ್ತುಗಳ ಸಂದಿಯಲ್ಲಿ ಕೊಳೆ ಕೂತರೆ ಪಿಕ್ಕಿನ 'ಟಕ್' ಮೊದಲು ಸಾಯುತ್ತದೆ. ಬೆರಳಿನವರಿಗೆ ಅದು ಗೊತ್ತಾಗುವುದು ತುಸು ತಡ.

ಒಂದೇ ಕಾರ್ಯಕ್ರಮದಲ್ಲಿ ಎರಡೂ ಬೇಕಾದರೆ ಪಿಕ್ಕನ್ನು ಉಂಗುರದ ಬೆರಳು, ಕಿರುಬೆರಳು ಮಡಿಸಿ ಅಂಗೈಯಲ್ಲಿ ಅಡಗಿಸಿಕೊಳ್ಳುವುದು ರೂಢಿ ಮಾಡಿಕೊಳ್ಳಿ. ಸೌಂಡ್ ಚೆಕ್ಕಿನಲ್ಲಿ ಎರಡರಲ್ಲೂ ನುಡಿಸಿ ತೋರಿಸಿ. ಬೆರಳಿಗೆ ಮಾತ್ರ ಮಟ್ಟ ಹೊಂದಿಸಿದ ಸೌಂಡಿನವರ ಬಾಕ್ಸಿಗೆ ಹಾಡಿನ ನಡುವೆ ಪಿಕ್ಕಿನ ಪೆಟ್ಟು ಬಿದ್ದರೆ ಸ್ಪೀಕರ್ ಒಡಕು ದನಿ ತೆಗೆಯುತ್ತದೆ.

ನಮಸ್ಕಾರ.