ಬೈಕ್ ಸ್ಟಾರ್ಟ್ ಆಗ್ತಿಲ್ಲ: ತಪ್ಪು ಬ್ಯಾಟರಿಯದ್ದೇನಾ?

ಎಲ್ಲರಿಗೂ ನಮಸ್ಕಾರ.

ಬೆಳಿಗ್ಗೆ ಸೆಲ್ಫ್ ಒತ್ತಿದರೆ ಗಾಡಿ ಎದ್ದೇಳುವುದಿಲ್ಲ. ನೋಡಿದವರೆಲ್ಲ "ಬ್ಯಾಟರಿ ಹೋಗಿದೆ, ಬದಲಾಯಿಸಿಬಿಡಿ" ಅನ್ನುತ್ತಾರೆ. ಬದಲಾಯಿಸಿದ ಮೇಲೂ ಕೆಲವೇ ವಾರಕ್ಕೆ ಮತ್ತೆ ಅದೇ ಕಥೆ ಆಗಬಹುದು. ಬ್ಯಾಟರಿ ಕೆಡುವುದು ಬೇರೆ, ಖಾಲಿಯಾಗುವುದು ಬೇರೆ. ಯಾವುದು ಅಂತ ತಿಳಿಯದೆ ಸುಮ್ನೆ ದುಡ್ಡು ಸುರಿಯಬೇಡಿ.

ಮೊದಲು ಸದ್ದು ಕೇಳಿ. ಮೀಟರಿನ ದೀಪ ಚೆನ್ನಾಗಿ ಉರಿಯುತ್ತಿದೆ, ಸೆಲ್ಫ್ ಒತ್ತಿದರೆ ಮಾತ್ರ ಸದ್ದೇ ಇಲ್ಲ ಅಂದರೆ ಬ್ಯಾಟರಿಯ ತಂಟೆಗೆ ಹೋಗಬೇಡಿ. ಹ್ಯಾಂಡಲ್ ಮೇಲಿನ ಕಿಲ್ ಸ್ವಿಚ್, ಅಂದರೆ ಎಂಜಿನ್ ಆರಿಸುವ ಗುಂಡಿ ನೋಡಿ. ಗಾಡಿ ಮೇಲೆ ಕೂತು ಆಡಿದ ಮಕ್ಕಳು ಅದನ್ನು ಒತ್ತಿ ಹೋಗಿರುತ್ತಾರೆ! ಆಮೇಲೆ ಗೇರ್ ನ್ಯೂಟ್ರಲ್‌ನಲ್ಲಿದೆಯಾ, ಸೈಡ್ ಸ್ಟ್ಯಾಂಡ್ ಎತ್ತಿದೆಯಾ, ಕ್ಲಚ್ ಲಿವರ್ ಬುಡದ ಪುಟ್ಟ ಸ್ವಿಚ್ ಸರಿಯಿದೆಯಾ ನೋಡಿ. ದೀಪವೂ ಹತ್ತದಿದ್ದರೆ ಫ್ಯೂಸ್ ನೋಡಿ.

ಮೋಟರ್ ಗರಗರ ಅಂತ ಜೋರಾಗಿ ತಿರುಗುತ್ತದೆ, ಎಂಜಿನ್ ಮಾತ್ರ ಹತ್ತುವುದಿಲ್ಲ ಅಂದರೆ ಸಾಮಾನ್ಯವಾಗಿ ಪೆಟ್ರೋಲ್ ಅಥವಾ ಪ್ಲಗ್ಗಿನ ತೊಂದರೆ. ಕಾರ್ಬ್ಯುರೇಟರ್ ಬದಲು ಪಂಪಿನಿಂದ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಷನ್ ಗಾಡಿಯಾದರೆ ಕೀ ತಿರುಗಿಸಿದ ಕೂಡಲೇ ಟ್ಯಾಂಕ್ ಕಡೆಯಿಂದ ಪಂಪಿನ ಜುಯ್ ಅನ್ನುವ ಸದ್ದು ಬರಬೇಕು.

ಸೆಲ್ಫ್ ಮೋಟರಿಗೆ ಕರೆಂಟ್ ಬಿಡುವ ರಿಲೇ ಟಕಟಕ ಅಂತ ಬಡಿದು ದೀಪ ಮಂಕಾಯಿತಾ? ಆಗ ಸೀಟ್ ಬಿಚ್ಚಿ ಬ್ಯಾಟರಿಗೆ ವೈರ್ ಕೂರುವ ಟರ್ಮಿನಲ್ ನೋಡಿ. ಬೆರಳಲ್ಲಿ ಅಲ್ಲಾಡಿಸಿದರೆ ಅಲುಗುತ್ತದಾ? ಬಿಳಿ, ಹಸಿರು ಪುಡಿ ಕಟ್ಟಿದೆಯಾ? ಬ್ಯಾಟರಿ ಹೊರಗೆ ತೆಗೆದು, ಬಿಸಿನೀರಿಗೆ ಚೂರು ಅಡುಗೆ ಸೋಡಾ ಕಲಸಿ, ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ ಒರೆಸಿ. ಬಿಗಿಯಾಗಿ ಕೂರಿಸಿ ಮೇಲೆ ವ್ಯಾಸಲೀನ್ ಸವರಿ. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಪ್ಲಸ್ ಮೊದಲು. ಮೈನಸ್ ಇರುವಾಗಲೇ ಪ್ಲಸ್ ಬಿಚ್ಚಲು ಹೋಗಿ ಸ್ಪ್ಯಾನರ್ ಗಾಡಿಯ ಲೋಹದ ಚೌಕಟ್ಟಿಗೆ ತಾಗಿದರೆ ಕಿಡಿ ಹಾರುತ್ತದೆ.

ಇನ್ನೂ ಸರಿಯಾಗದಿದ್ದರೆ ವೋಲ್ಟ್ ಅಳೆಯುವ ಮಲ್ಟಿಮೀಟರ್ ಬೇಕು. ಕಡಿಮೆ ಬೆಲೆಯದ್ದೇ ಸಾಕು. ಡಿಸಿ 20 ವೋಲ್ಟಿಗೆ ತಿರುಗಿಸಿ, ಕಡ್ಡಿಗಳನ್ನು ಬ್ಯಾಟರಿಯ ಪ್ಲಸ್, ಮೈನಸ್‌ಗೆ ಹಿಡಿಯಿರಿ. ಗಾಡಿ ಕೆಲವು ಗಂಟೆ ನಿಂತ ಮೇಲೆ 12.6 ಅಥವಾ ಅದಕ್ಕಿಂತ ಜಾಸ್ತಿ ತೋರಿಸಿದರೆ ಬ್ಯಾಟರಿ ತುಂಬಿದೆ. 12ಕ್ಕಿಂತ ಕೆಳಗಿದ್ದರೆ ಹೆಚ್ಚುಕಮ್ಮಿ ಖಾಲಿ. ಇಷ್ಟಕ್ಕೇ ತೀರ್ಪು ಕೊಡಬೇಡಿ. ಮೀಟರ್ ಹಿಡಿದುಕೊಂಡೇ ಸೆಲ್ಫ್ ಒತ್ತಿ. ಮುಳುಗಿ ಮುಳುಗಿ 10ರ ಹತ್ತಿರ ನಿಂತರೆ ಪರವಾಗಿಲ್ಲ. ನಿಂತಾಗ 12.6 ತೋರಿಸಿದ್ದು ಸೆಲ್ಫ್ ಹೊಡೆದ ಕೂಡಲೇ 8ಕ್ಕೆ ಇಳಿಯಿತು ಅಂದರೆ ಬ್ಯಾಟರಿಯ ಕಾಲ ಮುಗಿದಿದೆ.

ಎಷ್ಟೋ ಜನ ಬಿಡುವುದು ಮೂರನೆಯ ಅಳತೆಯನ್ನು. ಗಾಡಿ ಸ್ಟಾರ್ಟ್ ಮಾಡಿ ಸ್ವಲ್ಪ ಆಕ್ಸಿಲರೇಟರ್ ಕೊಡಿ. 13.5ರಿಂದ 14.5ರ ಒಳಗೆ ಬರಬೇಕು. 12ರ ಆಸುಪಾಸಲ್ಲೇ ಉಳಿದರೆ ಚಾರ್ಜೇ ಆಗುತ್ತಿಲ್ಲ. ಕರೆಂಟ್ ಹುಟ್ಟಿಸುವ ಮ್ಯಾಗ್ನೆಟ್ ಕಾಯಿಲ್, ಅದನ್ನು ಬ್ಯಾಟರಿಗೆ ಹದ ಮಾಡಿ ಕೊಡುವ ರೆಕ್ಟಿಫೈಯರ್, ಅಥವಾ ಅವುಗಳ ಕನೆಕ್ಟರ್ ಸುಟ್ಟಿರಬಹುದು. ಹೊಸ ಬ್ಯಾಟರಿ ಹಾಕಿದರೂ ಅದು ಖಾಲಿಯಾಗುವುದೇ. 15 ದಾಟಿದರೆ ರೆಕ್ಟಿಫೈಯರ್ ಬ್ಯಾಟರಿಯನ್ನು ಕುದಿಸುತ್ತಿದೆ ಅಂತ ಅರ್ಥ.

ಮೂರೂ ಸರಿಯಿದ್ದು, ನಾಲ್ಕು ದಿನ ನಿಲ್ಲಿಸಿದರೆ ಸತ್ತುಹೋಗುತ್ತಾ? ಗಾಡಿ ಕೊಂಡ ಮೇಲೆ ಹಾಕಿಸಿದ ಜಿಪಿಎಸ್, ಅಲಾರಂ, ಮೊಬೈಲ್ ಚಾರ್ಜರ್ ಮೇಲೆ ನನಗೆ ಮೊದಲ ಅನುಮಾನ. ಒಂದೊಂದಾಗಿ ಬಿಚ್ಚಿ ನೋಡಿ. ದಿನಾ ಅಂಗಡಿಗೆ ಒಂದು ಕಿಲೋಮೀಟರ್ ಹೋಗಿ ಬರುವ ಗಾಡಿಯೂ ಸೊರಗುತ್ತದೆ. ಸೆಲ್ಫ್ ತಿಂದದ್ದು ವಾಪಸ್ ತುಂಬುವಷ್ಟು ಓಟವೇ ಇರುವುದಿಲ್ಲ. 2017ರಿಂದ ಹೊಸ ಗಾಡಿಗಳಲ್ಲಿ ಹೆಡ್‌ಲೈಟ್ ಹಗಲೂ ಉರಿಯುತ್ತದೆ ಬೇರೆ.

ತಳ್ಳಿ ಸ್ಟಾರ್ಟ್ ಮಾಡಬಹುದಲ್ವಾ ಅಂತ ಕೇಳುತ್ತೀರಿ. ಕಾರ್ಬ್ಯುರೇಟರ್ ಗಾಡಿಗೆ ಸರಿ. 2020ರ ಏಪ್ರಿಲ್‌ನಲ್ಲಿ ಬಿಎಸ್6 ಹೊಗೆ ನಿಯಮ ಬಂದ ಮೇಲಿನ ಬಹುತೇಕ ಬೈಕುಗಳು ಇಂಜೆಕ್ಷನ್. ಬ್ಯಾಟರಿ ಪೂರ್ತಿ ಸತ್ತಿದ್ದರೆ ಪಂಪೇ ಓಡುವುದಿಲ್ಲ, ತಳ್ಳಿದವರಿಗೆ ಬೆವರಷ್ಟೇ ಲಾಭ. ಚಾರ್ಜರ್ ಹಾಕಿ. 5 ಎಎಚ್ (ಆಂಪಿಯರ್-ಅವರ್, ಅಂದರೆ ಬ್ಯಾಟರಿಯ ಸಾಮರ್ಥ್ಯ) ಬ್ಯಾಟರಿಗೆ ಅರ್ಧ ಆಂಪಿಯರ್ ಸಾಕು. ಕಾರಿನ ದೊಡ್ಡ ಚಾರ್ಜರ್ ಬೇಡ.

ಮೀಟರ್ ತಂದಿದ್ದೇನೆ. ಗಾಡಿ ತೊಂದರೆ ಕೊಡುತ್ತಿರುವವರು ಹೊರಗೆ ಬನ್ನಿ, ಹಿಡಿದೇ ನೋಡೋಣ.