ಮರುಮಾತಿಲ್ಲದ ಮೈಕು

ಕೇಳುಗರಿಗೆ ನಮಸ್ಕಾರ.

2007ರ ಜೂನ್ ತಿಂಗಳು. ಡಲ್ಲಾಸ್‌ನಲ್ಲಿ ಮಗಳ ಮನೆಯಲ್ಲಿದ್ದೆ. ಬೆಳಿಗ್ಗೆ ಹನ್ನೊಂದರ ಮೇಲೆ ಅಳಿಯಂದಿರು ಕಾರು ತೆಗೆದರೆ ರೇಡಿಯೊದಲ್ಲಿ ಒಂದೇ ದನಿ, ಸಂಪ್ರದಾಯವಾದಿ ಮಾತುಗಾರ ರಶ್ ಲಿಂಬಾ ಅವರದು. ದಿನಕ್ಕೆ ಮೂರು ಗಂಟೆ ಮಾತು. ನಾವಿಲ್ಲಿ ಸ್ಟುಡಿಯೊದಲ್ಲಿ ಹಾಳೆ ಸದ್ದಾಗದಂತೆ ಉಸಿರು ಬಿಗಿಹಿಡಿದು ತಿರುವುತ್ತೇವೆ. ಆ ಪುಣ್ಯಾತ್ಮ ಮೈಕಿನ ಮುಂದೆ ಬೇಕೆಂದೇ ಪರಪರ ಅನ್ನಿಸುತ್ತಿದ್ದರು!

ಆ ದಿನಗಳಲ್ಲಿ ಅವರು ಹರಿಹಾಯುತ್ತಿದ್ದದ್ದು ವಲಸೆ ಮಸೂದೆಯ ಮೇಲೆ. ದಾಖಲೆಯಿಲ್ಲದೆ ನೆಲೆಸಿದ್ದ ಸುಮಾರು 1.2 ಕೋಟಿ ಜನರಿಗೆ ಕಾನೂನಿನ ದಾರಿ ತೆರೆಯುವ ಮಸೂದೆ ಅದು. ಬಗರ್‌ಹುಕುಂ ಜಮೀನಿಗೆ ನಾವು ಅಕ್ರಮ-ಸಕ್ರಮ ಅನ್ನುತ್ತೇವಲ್ಲ, ಹೆಚ್ಚುಕಡಿಮೆ ಅದೇ. ಬೆಂಬಲಿಸಿದವರು ಬೇರೆ ಯಾರೋ ಅಲ್ಲ, ರಿಪಬ್ಲಿಕನ್ ಪಕ್ಷದವರೇ ಆದ ಅಧ್ಯಕ್ಷ ಬುಷ್.

ಸಂಪ್ರದಾಯವಾದಿಗಳ ಸಿಟ್ಟಿಗೆ ಹಳೆಯ ಕಾರಣವಿತ್ತು. 1986ರಲ್ಲಿ ಆಗಿನ ಅಧ್ಯಕ್ಷ ರೇಗನ್ ಇಂಥದ್ದೇ ಕಾಯಿದೆಗೆ ಸಹಿ ಹಾಕಿದ್ದರು. ಸುಮಾರು 27 ಲಕ್ಷ ಮಂದಿ ಸಕ್ರಮವಾದರು. ಬದಲಿಗೆ, ಕಾಗದಪತ್ರವಿಲ್ಲದವರನ್ನು ಕೆಲಸಕ್ಕಿಟ್ಟುಕೊಂಡ ಮಾಲೀಕರಿಗೆ ದಂಡ ಎಂದಿತ್ತು. ಆದರೆ ಕೆಲಸಗಾರ ತೋರಿಸಿದ ಕಾಗದ ಮಾಲೀಕನಿಗೆ ಮೇಲ್ನೋಟಕ್ಕೆ ಅಸಲಿ ಅನ್ನಿಸಿದರೆ ಸಾಕಿತ್ತು. ನಕಲಿ ಕಾರ್ಡುಗಳು ಸಲೀಸಾಗಿ ಓಡಿದವು. ಸಕ್ರಮ ಆಯಿತು, ಬಿಗಿ ಬರಲಿಲ್ಲ. ಸರ್ಕಾರದ ಮಾತು ನಂಬಬೇಡಿ ಎಂದು ಸಂಪ್ರದಾಯವಾದಿಗಳು ಹೇಳಿದರೆ, ಈ ಒಂದು ವಿಷಯದಲ್ಲಿ ನಾನೂ ತಲೆದೂಗುತ್ತೇನೆ.

ಇನ್ನು ಆ ಮೈಕು ಲಿಂಬಾ ಕೈಗೆ ಬಂದ ಕಥೆ. 1949ರಿಂದ ಅಮೆರಿಕದ ಬಾನುಲಿಗೆ ನ್ಯಾಯಪರತೆಯ ನಿಯಮವೊಂದಿತ್ತು: ವಿವಾದದ ವಿಷಯ ಎತ್ತಿದರೆ ಎದುರು ವಾದಕ್ಕೂ ಅವಕಾಶ ಕೊಡಬೇಕು. ಪೆನ್ಸಿಲ್ವೇನಿಯಾದ ರೆಡ್ ಲಯನ್ ಎಂಬ ಊರಿನ ಪುಟ್ಟ ಕೇಂದ್ರದಲ್ಲಿ 1964ರಲ್ಲಿ ಪಾದ್ರಿಯೊಬ್ಬರು ಕಾಲು ಗಂಟೆಯ ಕಾರ್ಯಕ್ರಮದಲ್ಲಿ ಫ್ರೆಡ್ ಕುಕ್ ಎಂಬ ಪತ್ರಕರ್ತನನ್ನು ಹಳಿದರು. ಉತ್ತರಿಸಲು ನನಗೂ ಪುಕ್ಕಟೆ ಸಮಯ ಕೊಡಿ ಎಂದು ಕುಕ್ ಪಟ್ಟುಹಿಡಿದರು. 1969ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ತೀರ್ಪಿತ್ತಿತು.

ಈ ನಿಯಮ ಬಾಯಿಗೆ ಕುಕ್ಕೆ ಹಾಕಿದಂತೆ ಎಂಬುದು ರೇಗನ್ ನಿಲುವು. (ಅವರೂ ಹುಟ್ಟಾ ರೇಡಿಯೊ ಮನುಷ್ಯ, ತಂತಿಯಲ್ಲಿ ಬಂದ ಸ್ಕೋರು ನೋಡಿಕೊಂಡು, ಕಣ್ಣಿಗೆ ಕಾಣದ ಬೇಸ್‌ಬಾಲ್ ಪಂದ್ಯಕ್ಕೆ ವೀಕ್ಷಕ ವಿವರಣೆ ಕೊಟ್ಟವರು.) ನಿಯಮವನ್ನು ಕಾಯಿದೆಯಾಗಿಸುವ ಮಸೂದೆಗೆ 1987ರಲ್ಲಿ ಅವರು ತಡೆ ಹಾಕಿದರು, ಆಗಸ್ಟ್‌ನಲ್ಲಿ ಬಾನುಲಿಯ ಉಸ್ತುವಾರಿ ನೋಡುವ ಸಂಪರ್ಕ ಆಯೋಗ ನಿಯಮವನ್ನೇ ಕೈಬಿಟ್ಟಿತು. ಸ್ವಾರಸ್ಯವೆಂದರೆ, ಅದು ಉಳಿಯಲಿ ಎಂದವರಲ್ಲಿ ಕಟ್ಟಾ ಸಂಪ್ರದಾಯವಾದಿ ಫಿಲಿಸ್ ಶ್ಲಾಫ್ಲಿಯೂ ಇದ್ದರು. ದೊಡ್ಡ ಟಿವಿ ಜಾಲಗಳು ಉದಾರವಾದಿಗಳತ್ತ ವಾಲಿವೆ, ನಮ್ಮ ಮಾತಿಗೆ ಜಾಗ ಕೇಳಲು ಇರುವುದು ಇದೊಂದೇ ಎಂಬ ಲೆಕ್ಕ. ಲೆಕ್ಕ ತಪ್ಪಿತು. 1988ರ ಆಗಸ್ಟ್‌ನಲ್ಲಿ ಲಿಂಬಾ, ಎದುರು ವಾದಕ್ಕೆ ಸಮಯ ಕೊಡುವ ಹಂಗಿಲ್ಲದೆ, ದೇಶವ್ಯಾಪಿ ಪ್ರಸಾರ ಶುರುಮಾಡಿದರು.

ಹತ್ತೊಂಬತ್ತು ವರ್ಷದ ನಂತರ ಆ ಮೈಕು ತಮ್ಮವರೇ ಆದ ಅಧ್ಯಕ್ಷ ಬುಷ್ ಅವರತ್ತಲೇ ತಿರುಗಿತು. ದೇಶ ನಡೆಸುತ್ತಿರುವುದು ಟಾಕ್ ರೇಡಿಯೊ ಎಂದು ರಿಪಬ್ಲಿಕನ್ ಸೆನೆಟರ್ ಟ್ರೆಂಟ್ ಲಾಟ್ ಗೊಣಗಿದರು. ಜೂನ್ 28ರಂದು ಸೆನೆಟ್ಟಿನ ಫೋನುಗಳು ಕರೆಗಳ ಭಾರಕ್ಕೆ ಕಟ್ಟಿಕೊಂಡವು. ಮಸೂದೆ ಮುಂದೆ ಸಾಗಲು ಬೇಕಿದ್ದದ್ದು 60 ಮತ, ಬಿದ್ದದ್ದು 46.

ಅದೇ ಮಸೂದೆಯಲ್ಲಿ ಓದಿಗೆ, ಅನುಭವಕ್ಕೆ ಅಂಕ ಕೊಟ್ಟು ಕಾಯಂ ವಾಸ ನೀಡುವ ಪದ್ಧತಿಯೂ ಇತ್ತು. ಒಂದು ದೇಶದವರಿಗೆ ಶೇ. 7ಕ್ಕಿಂತ ಹೆಚ್ಚಿಲ್ಲ ಎಂಬ ಮಿತಿಯಲ್ಲಿ ನಮ್ಮ ಅಳಿಯಂದಿರೂ ಗ್ರೀನ್ ಕಾರ್ಡಿಗೆ ಕಾಯುತ್ತಿದ್ದರು. "ನಮ್ಮ ಕ್ಯೂ ಬಗ್ಗೆ ಇವರ‍್ಯಾರೂ ಮಾತೇ ಆಡಲ್ಲ ಮಾವ," ಅಂದರು. ನೀವೂ ಒಂದು ಫೋನ್ ಹಚ್ಚಿ ಅಂದೆ. "ವೋಟಿಲ್ಲದವನು ಯಾವ ಸೆನೆಟರಿಗೆ ಹಚ್ಚಲಿ?" ಎಂದು ನಕ್ಕು, ರೇಡಿಯೊ ಆರಿಸಿದರು.