ಬಾಣೆಯೊಳಗಿನ ಹೆಸರುಗಳು

ಎರಡೂ ಬದಿಗೆ ಆಳೆತ್ತರದ ಮಣ್ಣಿನ ದರೆ ಇರುವ, ಈಗ ನೀವು ನೋಡುತ್ತಿರುವ ಈ ಇಕ್ಕಟ್ಟಾದ ದಾರಿಯನ್ನು ನಮ್ಮಲ್ಲಿ ಓಣಿ ಎನ್ನುತ್ತಾರೆ. ಇದು ದಕ್ಷಿಣ ಕೊಡಗಿನಲ್ಲಿ, ಬ್ರಹ್ಮಗಿರಿಯ ತಪ್ಪಲಿನಲ್ಲಿರುವ ನಮ್ಮ ಐನ್‌ಮನೆಗೆ, ಅಂದರೆ ಮನೆತನದ ಮೂಲ ಮನೆಗೆ, ಹೋಗುವ ಓಣಿ. ಕ್ಯಾಮೆರಾ ಹಿಡಿದಿರುವವಳು ನನ್ನ ಮೊಮ್ಮಗಳು, ಮಾತನಾಡುತ್ತಿರುವವನು ನಾನು. 1955ರಲ್ಲಿ ಈ ಮನೆಯಲ್ಲೇ ಹುಟ್ಟಿದ ನಾನು ಈ ನೆಲವನ್ನು ಬಿಟ್ಟು ಹೆಚ್ಚು ದಿನ ಬೇರೆಲ್ಲೂ ಇದ್ದವನಲ್ಲ.

ಈ ವಿಡಿಯೋ ಮಾಡಬೇಕೆನ್ನಿಸಿದ್ದು ಒಂದು ಸಣ್ಣ ಮಾತಿನಿಂದ. ಕಳೆದ ಮಳೆಗಾಲದಲ್ಲಿ ಮೊಮ್ಮಗಳು ರಜೆಗೆ ಬಂದಿದ್ದಾಗ, “ಜೋಡಿ ಹಲಸಿನ ಹತ್ತಿರ ಬೇಲಿ ಬಿದ್ದಿದೆಯಂತೆ, ಸ್ವಲ್ಪ ನೋಡಿಕೊಂಡು ಬಾ” ಎಂದು ಕಳಿಸಿದೆ. ಅವಳು ಒಂದು ಗಂಟೆ ಸುತ್ತಾಡಿ, ಮಂಡಿಯವರೆಗೆ ಒದ್ದೆಯಾಗಿ ಬಂದು, “ಅಜ್ಜ, ಅಲ್ಲೆಲ್ಲೂ ಜೋಡಿ ಹಲಸಿನ ಮರವೇ ಇಲ್ಲವಲ್ಲ” ಎಂದಳು. ಆಗ ನೆನಪಾಯಿತು, ಆ ಎರಡೂ ಮರಗಳು ಬಿದ್ದು ಮೂವತ್ತು ವರ್ಷದ ಮೇಲಾಗಿದೆ. ನನ್ನ ತಮ್ಮನಿಗೂ ನನಗೂ ಅದು ಇವತ್ತಿಗೂ ಜೋಡಿ ಹಲಸೇ. ನಾವಿಬ್ಬರೂ ಹೋದ ಮೇಲೆ ಆ ಜಾಗಕ್ಕೆ ಹೆಸರೇ ಇರುವುದಿಲ್ಲ. ಅದಕ್ಕಾಗಿ ಇವತ್ತು ನಮ್ಮ ಬಾಣೆಯ ಒಂದೊಂದು ಜಾಗದಲ್ಲೂ ನಿಂತು, ಅದರ ಹೆಸರನ್ನೂ ಆ ಹೆಸರು ಬಂದ ಬಗೆಯನ್ನೂ ಹೇಳಬೇಕೆಂದಿದ್ದೇನೆ. ಅವುಗಳಲ್ಲಿ ಹೆಚ್ಚಿನವು ಬೇಟೆಯಿಂದ ಬಂದ ಹೆಸರುಗಳು.

ಬಾಣೆ ಎಂದರೇನೆಂದು ಕೊಡಗಿನ ಹೊರಗಿನವರಿಗೆ ಹೇಳಬೇಕು. ನಮ್ಮ ಒಕ್ಕಗಳಿಗೆ, ಅಂದರೆ ಮನೆತನಗಳಿಗೆ, ತಲೆತಲಾಂತರದಿಂದ ಬಂದ ಜಮ್ಮಾ ಗದ್ದೆಗಳ ಜೊತೆಗೆ, ಆ ಗದ್ದೆಗೆ ಬೇಕಾದ ಸೊಪ್ಪು, ಮನೆಗೆ ಬೇಕಾದ ಸೌದೆ ಮತ್ತು ದನಗಳಿಗೆ ಬೇಕಾದ ಮೇವಿಗಾಗಿ ಬಿಟ್ಟುಕೊಟ್ಟ ಕಾಡು ಮತ್ತು ಹುಲ್ಲುಗಾವಲಿನ ಭೂಮಿಯೇ ಬಾಣೆ. ಕೊಡಗಿನ ಬಹುಪಾಲು ಬಾಣೆಗಳಲ್ಲಿ ಈಗ ಕಾಫಿ ಇದೆ, ನಮ್ಮದರಲ್ಲೂ ಇದೆ. ನಾನು ಹುಡುಗನಾಗಿದ್ದಾಗ ಮಾತ್ರ ಮೇಲಿನ ಅರ್ಧ ಭಾಗ ಇನ್ನೂ ಹುಲ್ಲು ಮತ್ತು ಮರವಾಗಿಯೇ ಇತ್ತು. ಬೆಳಿಗ್ಗೆ ಹಟ್ಟಿಯಿಂದ ಬಿಟ್ಟ ದನಗಳು ತಾವಾಗಿ ಅಲ್ಲಿಗೆ ಹತ್ತುತ್ತಿದ್ದವು, ಸಂಜೆ ಅವುಗಳನ್ನು ಹುಡುಕಿಕೊಂಡು ಬರುವುದು ನಮ್ಮ ಕೆಲಸವಾಗಿತ್ತು. ಬೇಟೆಯ ಮೊದಲ ಪಾಠ ನನಗೆ ಸಿಕ್ಕಿದ್ದು ಈ ದನ ಹುಡುಕುವ ಕೆಲಸದಲ್ಲೇ. ಯಾವ ದಾರಿಯ ಹುಲ್ಲು ಯಾವ ಕಡೆಗೆ ಬಾಗಿದೆ, ಸಗಣಿ ಎಷ್ಟು ಹೊತ್ತಿನದು, ಇಬ್ಬನಿ ಎಲ್ಲಿ ಉದುರಿದೆ ಎಂಬುದನ್ನು ನೋಡದೆ ಹೋದರೆ ಕತ್ತಲಾಗುವವರೆಗೆ ಅಲೆಯಬೇಕಾಗುತ್ತಿತ್ತು.

ಈಗ ಕಾಣುತ್ತಿರುವುದು ಮನೆಯ ಕೈಯಾಲೆ, ಅಂದರೆ ಮುಂದಿನ ಜಗಲಿ. ಆ ಮರದ ಕಂಬದ ಪಕ್ಕದಲ್ಲಿ ನನ್ನ ಅಜ್ಜ ಕೂರುತ್ತಿದ್ದರು. ಒಳಗಿನ ಗೋಡೆಯಲ್ಲಿ ಎರಡು ಕೋವಿಗಳು ಇದ್ದವು. ಒಂದು ಹಳೆಯ ಕೇಪಿನ ಕೋವಿ. ನಳಿಗೆಯ ಬಾಯಿಂದ ಮದ್ದು ಸುರಿದು, ತೆಂಗಿನ ನಾರು ಇಟ್ಟು, ಗಜದಿಂದ ಕುಟ್ಟಿ, ಅದರ ಮೇಲೆ ಚರೆ ಹಾಕಿ ತುಂಬಬೇಕಾದದ್ದು. ಇನ್ನೊಂದು 12 ಬೋರಿನ ಒಂಟಿ ನಳಿಗೆಯ ತೋಟಾ ಕೋವಿ. ಕೊಡವರ ಮನೆಯಲ್ಲಿ ಕೋವಿ ಇರುವುದನ್ನು ಕಂಡು ಹೊರಗಿನವರಿಗೆ ಆಶ್ಚರ್ಯವಾಗುವುದುಂಟು. 1861ರಿಂದಲೂ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಪರವಾನಗಿಯಿಂದ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ನಮಗೆ ಕೋವಿ ಮನೆಯ ಹಿರಿಯರಲ್ಲೊಬ್ಬರಿದ್ದ ಹಾಗೆ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು ಗುಂಡು, ಸುಗ್ಗಿಯ ಹಬ್ಬವಾದ ಪುತ್ತರಿಯಲ್ಲಿ ಹೊಸ ಕದಿರು ಕೊಯ್ಯುವಾಗ ಒಂದು ಗುಂಡು. ನಾನು ಹುಟ್ಟಿದ ರಾತ್ರಿಯ ಗುಂಡಿನ ಸದ್ದಿಗೆ ಹಟ್ಟಿಯ ಎತ್ತೊಂದು ಹಗ್ಗ ಹರಿದುಕೊಂಡು ಓಡಿತ್ತೆಂದು ಅವ್ವ ಹೇಳುತ್ತಿದ್ದರು.

ಬೇಟೆಯ ಕಾಲ ಶುರುವಾಗುತ್ತಿದ್ದದ್ದು ನಮ್ಮ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದಿನಿಂದ. ನಾಟಿಯ ಕೆಲಸವೆಲ್ಲ ಮುಗಿದು, ಮಳೆ ಸ್ವಲ್ಪ ಹಿಂಜರಿಯುವ ಸೆಪ್ಟೆಂಬರಿನ ಮೊದಲ ವಾರದಲ್ಲಿ ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನೆಲ್ಲ ತೊಳೆದು ಒರೆಸಿ, ಮನೆಯ ನಡುಕೋಣೆಯಾದ ನೆಲ್ಲಕ್ಕಿ ನಡುಬಾಡೆಯ ದೀಪದ ಮುಂದೆ ಇಡುತ್ತಿದ್ದರು. ಹಿಂದಿನ ದಿನ ಮಕ್ಕಳೆಲ್ಲ ಬೇಲಿಗಳ ಮೇಲೆ ಹಬ್ಬಿದ ತೋಕ್‌ಪೂ, ಅಂದರೆ ಕೋವಿಯ ಹೂ, ಹುಡುಕಲು ಹೋಗಬೇಕಾಗಿತ್ತು. ತುದಿಯಲ್ಲಿ ಬೆಂಕಿಯ ಕೆಂಪು, ಬುಡದಲ್ಲಿ ಹಳದಿ, ದಳಗಳೆಲ್ಲ ಮೇಲಕ್ಕೆ ಮಡಿಚಿದ ಆ ಹೂವನ್ನು ಕೋವಿಗೆ ಸಿಕ್ಕಿಸಿದಾಗ ಕೋವಿಯ ಬಾಯಿಂದಲೇ ಜ್ವಾಲೆ ಎದ್ದಂತೆ ಕಾಣುತ್ತಿತ್ತು. ಪೂಜೆಯಾದ ಮೇಲೆ ಮನೆಯ ಯಜಮಾನರಾದ ಪಟ್ಟೇದಾರರು ಕೋವಿಗಳನ್ನು ಕಿರಿಯರ ಕೈಗೆ ಕೊಡುತ್ತಿದ್ದರು. ನನ್ನ ಹದಿಮೂರನೆಯ ವಯಸ್ಸಿನಲ್ಲಿ, ಅಂದರೆ 1968ರಲ್ಲಿ, ಆ ಒಂಟಿ ನಳಿಗೆಯ ಕೋವಿಯನ್ನು ಅಜ್ಜನ ಕೈಯಿಂದ ಮೊದಲ ಸಲ ತೆಗೆದುಕೊಂಡೆ. ಅದರ ಭಾರಕ್ಕೆ ನನ್ನ ಕೈ ಒಂದು ಗೇಣು ಕೆಳಗಿಳಿಯಿತು. ಎಣ್ಣೆ, ಗಂಧ ಮತ್ತು ಹಳೆಯ ಮದ್ದಿನ ಆ ಕೂಡಿದ ವಾಸನೆ ಈಗಲೂ ಮೂಗಿನಲ್ಲಿದೆ.

ಇದೇ ನೋಡಿ ಜೋಡಿ ಹಲಸು. ಆ ಗೊಬ್ಬರದ ಗುಂಡಿಯ ಪಕ್ಕದಲ್ಲಿ ಒಂದು ಮರದ ಬುಡ ಇನ್ನೂ ಗೆದ್ದಲಿನ ಮಣ್ಣಾಗಿ ಉಳಿದಿದೆ. ಪ್ರಾಣಿಗಳನ್ನು ಎಬ್ಬಿಸಲು ಪೊದೆಕಾಡಿನೊಳಗೆ ಹಳು ನುಗ್ಗುವವರು ಕೆಳಗಿನ ತೋಡಿನಿಂದ, ಅಂದರೆ ಹಳ್ಳದಿಂದ, ಕೂಗುತ್ತಾ, ನಾಯಿಗಳನ್ನು ಬಿಟ್ಟುಕೊಂಡು ಬರುವಾಗ, ಅಜ್ಜ ಈ ಎರಡು ಮರಗಳ ನಡುವೆ ನಿಲ್ಲುತ್ತಿದ್ದರು. ಅಲ್ಲಿಂದ ಎಡಕ್ಕೆ ಬಂಡೆಯ ಮೇಲೆ ಅಪ್ಪ, ಬಲಕ್ಕೆ ಕೆಸರುಗುಂಡಿಯ ಬಳಿ ಚಿಕ್ಕಪ್ಪ. ಯಾರೂ ತಮ್ಮ ಜಾಗದಿಂದ ಒಂದು ಹೆಜ್ಜೆ ಕದಲುವಂತಿಲ್ಲ, ಪಕ್ಕದವರು ನಿಂತ ಕಡೆಗೆ ನಳಿಗೆ ತಿರುಗಿಸುವಂತಿಲ್ಲ. ಒಬ್ಬರು ಎಲ್ಲಿದ್ದಾರೆಂದು ಇನ್ನೊಬ್ಬರಿಗೆ ಖಚಿತವಾಗಿ ತಿಳಿದಿರಬೇಕಾದ್ದರಿಂದಲೇ ಈ ಜಾಗಗಳಿಗೆ ಹೆಸರು ಹುಟ್ಟಿದ್ದು. ಮುಂಜಾವಿನ ಮಬ್ಬಿನಲ್ಲಿ “ನೀನು ಆನೆಬೆನ್ನಿಗೆ ಹೋಗು” ಎಂದರೆ ಯಾವ ಬಂಡೆ ಎಂದು ಮತ್ತೆ ಕೇಳಬೇಕಾಗಿರಲಿಲ್ಲ.

ಕ್ಯಾಮೆರಾ ಈಗ ಹತ್ತಿರದಿಂದ ತೋರಿಸುತ್ತಿರುವುದೇ ಕೆಸರುಗುಂಡಿ. ಅರವತ್ತು ವರ್ಷದ ಹಿಂದೆಯೂ ಹಂದಿಗಳು ಇಲ್ಲೇ ಹೊರಳಾಡುತ್ತಿದ್ದವು, ಈಗಲೂ ಬರುತ್ತವೆ. ಹೊರಳಾಡಿ ಎದ್ದ ಹಂದಿ ಹತ್ತಿರದ ಮರಕ್ಕೆ ಮೈ ಉಜ್ಜುತ್ತದೆ. ತೊಗಟೆಗೆ ಕೆಸರು ಮೆತ್ತಿದ ಎತ್ತರವನ್ನು ನೋಡಿ ಹಂದಿಯ ಗಾತ್ರವನ್ನು ಹೇಳಬಹುದೆಂದು ನನಗೆ ಕಲಿಸಿದವರು ನಮ್ಮ ಮನೆಯವರಲ್ಲ, ನಮ್ಮ ಗದ್ದೆಗೆ ದುಡಿಯಲು ಬರುತ್ತಿದ್ದ ಎರವ ಬುಡಕಟ್ಟಿನ ಹಿರಿಯರೊಬ್ಬರು. ಅವರ ಕೈಯಲ್ಲಿ ಒಂದು ಕತ್ತಿಯ ಹೊರತು ಬೇರೇನೂ ಇರುತ್ತಿರಲಿಲ್ಲ. ಗೊರಸಿನ ಹಿಂದೆ ಮೂಡುವ ಎರಡು ಸಣ್ಣ ಚುಕ್ಕಿಗಳಿಂದ ಅದು ಹಂದಿಯೋ ಕಾಡುಕುರಿಯೋ ಎಂದು ಗುರುತಿಸುವುದು, ಗೊರಸಿನ ಗುಳಿಯಲ್ಲಿ ನಿಂತ ನೀರು ಕದಡಿದ್ದರೆ ಪ್ರಾಣಿ ಈಗಷ್ಟೇ ದಾಟಿದೆ, ತಿಳಿಯಾಗಿದ್ದರೆ ಹೋಗಿ ಹೊತ್ತಾಗಿದೆ ಎಂದು ಓದುವುದು, ಚಿಟಿಕೆ ಬೂದಿ ತೂರಿ ಗಾಳಿಯ ದಿಕ್ಕು ತಿಳಿಯುವುದು, ಇವೆಲ್ಲ ಅವರ ವಿದ್ಯೆ. ನಮ್ಮ ಮನೆಯ ಬೇಟೆಯ ಹೆಸರೆಲ್ಲ ಅವರ ಕಣ್ಣಿನ ಮೇಲೆ ನಿಂತಿತ್ತು. ಈ ಬಾಣೆಯನ್ನು ನಮಗಿಂತ ಚೆನ್ನಾಗಿ ಬಲ್ಲ ಅವರಿಗೆ ತಮ್ಮ ಹೆಸರಿನಲ್ಲಿ ಒಂದು ಸೆಂಟು ಭೂಮಿಯೂ ಇರಲಿಲ್ಲ ಎಂಬುದು ಆಗ ನನಗೆ ಹೊಳೆದಿರಲಿಲ್ಲ. ಈಗ ಇಲ್ಲಿ ನಿಂತಾಗಲೆಲ್ಲ ಅದು ಮನಸ್ಸನ್ನು ಚುಚ್ಚುತ್ತದೆ.

1970ರ ನವೆಂಬರಿನಲ್ಲಿ ಭತ್ತ ಹಣ್ಣಾಗುತ್ತಿತ್ತು. ಹಂದಿಗಳು ರಾತ್ರಿ ಗದ್ದೆಗಿಳಿದು, ತಿಂದದ್ದಕ್ಕಿಂತ ಹೆಚ್ಚು ತುಳಿದು ಹಾಳುಮಾಡುತ್ತಿದ್ದವು. ಒಂದು ಭಾನುವಾರ ಅಜ್ಜ ನನ್ನನ್ನು ಮೊದಲ ಸಲ ಒಬ್ಬನೇ ಕೆಸರುಗುಂಡಿಯ ಬಳಿ ನಿಲ್ಲಿಸಿದರು. ಹಂದಿ ಎದುರಾಗಿ ಬಂದರೆ ಹೊಡೆಯಬೇಡ, ಅದು ಅಡ್ಡ ತಿರುಗುವವರೆಗೆ ಕಾಯಬೇಕು, ಮುಂಗಾಲಿನ ಹಿಂದೆ ಗುರಿ ಇಡಬೇಕು ಎಂದು ಹೇಳಿದ್ದರು. ನಾಯಿಗಳ ಬೊಗಳು ಏರುತ್ತಾ ಬಂತು. ಲಂಟಾನದ ಪೊದೆ ಅಲುಗಿತು. ಹೊರಬಂದ ಹಂದಿ ನೇರವಾಗಿ ನನ್ನನ್ನೇ ನೋಡಿತು. ಅದರ ಕಿವಿಯ ಅಂಚು ಹರಿದಿತ್ತು, ಮೂತಿಯಿಂದ ಕೆಸರು ತೊಟ್ಟಿಕ್ಕುತ್ತಿತ್ತು. ನನಗೆ ಕಾಯಲಾಗಲಿಲ್ಲ. ಹೊಡೆದುಬಿಟ್ಟೆ. ಹಂದಿ ಒಮ್ಮೆ ಮುಗ್ಗರಿಸಿ, ಓಟೆ ಬಿದಿರಿನ ಮೆಳೆಯೊಳಗೆ ನುಗ್ಗಿ ಮಾಯವಾಯಿತು. ಕೆಸುವಿನ ಎಲೆಯೊಂದರ ಮೇಲೆ ಮೂರು ಹನಿ ರಕ್ತ ಉಳಿದಿತ್ತು.

ಅಜ್ಜ ಬಂದು ಎಲೆಯನ್ನು ನೋಡಿದರು. ಬೈಯಲಿಲ್ಲ. “ಮೋನೆ, ನೋವು ಕೊಟ್ಟದ್ದು ನೀನು, ಮುಗಿಸಬೇಕಾದವನೂ ನೀನೇ” ಎಂದಷ್ಟೇ ಹೇಳಿದರು. ಉಳಿದವರನ್ನೆಲ್ಲ ಮನೆಗೆ ಕಳಿಸಿ, ಅಜ್ಜ, ಎರವರ ಹಿರಿಯರು ಮತ್ತು ನಾನು ಹನಿ ಹಿಡಿದು ಹೊರಟೆವು. ಮಧ್ಯಾಹ್ನವೆಲ್ಲ ಬಗ್ಗಿಕೊಂಡು ನಡೆದೆವು. ಕೆಲವು ಕಡೆ ರಕ್ತ ನಿಂತೇಹೋಗಿ, ಮಗುಚಿದ ಒಂದು ಒಣಗಿದ ಎಲೆಯೇ ಗುರುತಾಗುತ್ತಿತ್ತು. ಕತ್ತಲಾದಾಗ ಗದ್ದೆ ಕಾಯುವ ಗುಡಿಸಲಿನಲ್ಲಿ ಉಳಿದುಕೊಂಡೆವು. ಅಜ್ಜ ನನಗೆ ತಮ್ಮ ಕಂಬಳಿಯನ್ನು ಹೊದಿಸಿದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅದು ಎಲ್ಲೋ ಕತ್ತಲಲ್ಲಿ ಉಸಿರಾಡುತ್ತಿದೆ ಎಂಬುದೊಂದೇ ತಲೆಯಲ್ಲಿತ್ತು. ಮರುದಿನ ಬೆಳಿಗ್ಗೆ ಕೆಳಗಿನ ತೋಡಿನ ಮರಳಿನಲ್ಲಿ ಗೊರಸಿನ ಗುರುತು ಸಿಕ್ಕಿತು. ಹಿರಿಯರು ಬೆರಳಿಟ್ಟು ತೋರಿಸಿದರು. ಗುಳಿಯ ನೀರು ಕದಡಿತ್ತು. ಇಪ್ಪತ್ತು ಮಾರು ದೂರದಲ್ಲಿ, ಹೊನ್ನೆ ಮರದ ಬೇರಿಗೆ ಬೆನ್ನು ಕೊಟ್ಟು ಹಂದಿ ಕುಳಿತಿತ್ತು. ಈ ಸಲ ನಾನು ಕಾದೆ.

ಮನೆಯ ಕಳದಲ್ಲಿ ಒಣಹುಲ್ಲಿನ ಬೆಂಕಿಗೆ ಹಂದಿಯ ಕೂದಲು ಸುಟ್ಟು, ಹೆರೆದು, ತೊಳೆದು ಪಾಲು ಮಾಡಿದರು. ಹಳು ನುಗ್ಗಿದವರಿಗೆ, ಬಂದೂಕು ಹಿಡಿದವರಿಗೆ, ಬಂದೂಕೇ ಇಲ್ಲದೆ ಜೊತೆ ನಡೆದವರಿಗೆ, ಕೊನೆಗೆ ನಾಯಿಗಳಿಗೂ ಪಾಲಿತ್ತು. ಅವ್ವ ಕೊತ್ತಂಬರಿ, ಜೀರಿಗೆ, ಸಾಸಿವೆ, ಮೆಣಸುಗಳನ್ನು ಕಪ್ಪಾಗುವವರೆಗೆ ಹುರಿದು, ಕೊನೆಯಲ್ಲಿ ಕಾಚಂಪುಳಿ ಎಂಬ ಕಪ್ಪು ಹುಳಿ ಬಿಟ್ಟು ಮಾಡಿದ ಪಂದಿಕರಿಯ (ಹಂದಿ ಸಾರಿನ) ಜೊತೆ ಅಕ್ಕಿಯ ಉಂಡೆಗಳಾದ ಕಡಂಬಿಟ್ಟು ಬಡಿಸಿದರು. ಆ ಸಂಜೆಯಿಂದ ನಮ್ಮ ಮನೆಯಲ್ಲಿ ಕೆಳಗಿನ ತೋಡಿಗೆ ಕುಂಞಿತೋಡು ಎಂಬ ಹೆಸರಾಯಿತು. ಕುಂಞಿ ಎಂದರೆ ಮಗು. ಆ ಮಗು ನಾನು.

ಎರಡೇ ವರ್ಷದಲ್ಲಿ, 1972ರಲ್ಲಿ, ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಬೇಟೆ ಮುಗಿದದ್ದು ನನ್ನ ಹದಿನೇಳನೆಯ ವಯಸ್ಸಿನ ಹೊತ್ತಿಗೆ. ಅಪ್ಪ ಒಂದಷ್ಟು ದಿನ ಗೊಣಗಿದರು. ಅಜ್ಜ ಮಾತ್ರ, ತಾವು ಹುಡುಗನಾಗಿದ್ದಾಗ ಈ ಬಾಣೆಯಲ್ಲಿ ಕಡವೆಯ ಹಿಂಡು ನೋಡುತ್ತಿದ್ದದ್ದನ್ನೂ ಈಗ ಒಂದು ಕಡವೆಯೂ ಇಲ್ಲದ್ದನ್ನೂ ನೆನೆದು, ಇದು ಬರಬೇಕಾಗಿತ್ತು ಎಂದರು. ಅವರ ಮಾತು ಸರಿ ಎಂದೇ ನಾನೂ ನಂಬಿದ್ದೇನೆ. ಒಂದು ಕಾಲದಲ್ಲಿ ಕೊಡಗಿನಲ್ಲಿ ಹುಲಿ ಹೊಡೆದವನನ್ನು ಮದುಮಗನಂತೆ ಕೂರಿಸಿ ನರಿ ಮಂಗಲ ಮಾಡುತ್ತಿದ್ದರು. ಕೊಡವ ಭಾಷೆಯಲ್ಲಿ ನರಿ ಎಂದರೆ ಹುಲಿ. ಅದೇ ಕೊಡಗಿನ ಕೆ. ಎಂ. ಚಿಣ್ಣಪ್ಪನವರು ನಾಗರಹೊಳೆಯಲ್ಲಿ ವಲಯ ಅರಣ್ಯಾಧಿಕಾರಿಯಾಗಿ ಆ ಹುಲಿಗಳನ್ನು ಉಳಿಸಲು ತಮ್ಮ ಬದುಕನ್ನೇ ಕೊಟ್ಟರು. ಅವರ ಹೆಸರು ಕೇಳಿದಾಗಲೆಲ್ಲ ನನಗೆ ಹೆಮ್ಮೆಯಾಗುತ್ತದೆ.

ಅಜ್ಜ ತೀರಿಕೊಂಡದ್ದು 1979ರ ಮಳೆಗಾಲದಲ್ಲಿ. ಈ ಅಂಗಳದಲ್ಲಿ ನಿಂತು, ಅವರೇ ನನ್ನ ಕೈಗೆ ಕೊಟ್ಟಿದ್ದ ಕೋವಿಯಿಂದ ಎರಡು ಗುಂಡು ಹಾರಿಸಿದವನು ನಾನು. ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ, ಒದ್ದೆ ಕೈಯಲ್ಲಿ ತೋಟಾ ಬದಲಿಸುವಷ್ಟು ಹೊತ್ತು, ಎದುರಿನ ಬಾಣೆಯಿಂದ ಮೊದಲ ಗುಂಡಿನ ಮರುದನಿ ಬರುತ್ತಲೇ ಇತ್ತು. ಈಗ ಆ ಕೋವಿ ಕೈಲ್‌ಪೊಳ್ದಿಗೆ ಹೊರಬರುತ್ತದೆ, ಊರಿನ ಮೈದಾನದಲ್ಲಿ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುರಿ ಇಡುತ್ತದೆ. ಹೋದ ವರ್ಷ ನಮ್ಮ ಮನೆಯಿಂದ ಕಾಯಿ ಒಡೆದವಳು ಈ ಕ್ಯಾಮೆರಾ ಹಿಡಿದವಳೇ.

ಇವತ್ತಿನ ನಡಿಗೆಯ ಕೊನೆಯ ಜಾಗ ಇದು. ಹೊನ್ನೆ ಮರ ಇನ್ನೂ ಇದೆ, ಬೇರು ಮಾತ್ರ ಮೊದಲಿಗಿಂತ ದಪ್ಪವಾಗಿದೆ. “ಇದೇನಾ ಅಜ್ಜ, ಕುಂಞಿತೋಡು?” ಎಂದು ಕೇಳಿ, ಅವಳು ಮರಳಿನ ಮೇಲೆ ಕ್ಯಾಮೆರಾವನ್ನು ಕೆಳಗಿಳಿಸಿದಾಗ ಕಂಡದ್ದನ್ನು ನೀವೂ ನೋಡುತ್ತಿದ್ದೀರಿ. ಗೊರಸಿನ ಗುರುತು, ಹಿಂದೆ ಎರಡು ಸಣ್ಣ ಚುಕ್ಕಿ. ನಾನು ಏನೂ ಹೇಳಲಿಲ್ಲ. ಅವಳೇ ಕುಕ್ಕರುಗಾಲಿನಲ್ಲಿ ಕೂತು, ಗುಳಿಯಲ್ಲಿ ನಿಂತ ನೀರನ್ನು ಸ್ವಲ್ಪ ಹೊತ್ತು ನೋಡಿದಳು. ನೀರು ಇನ್ನೂ ಕದಡಿಯೇ ಇತ್ತು. ಅವಳು ತುಟಿಯ ಮೇಲೆ ಬೆರಳಿಟ್ಟುಕೊಂಡು ನನ್ನ ಕಡೆ ತಿರುಗಿದಳು, ನಾವಿಬ್ಬರೂ ಅಲ್ಲೇ ನಿಂತು ಓಟೆಯ ಮೆಳೆಯ ಕಡೆಗೆ ಕಿವಿಗೊಟ್ಟೆವು.